ಬಾಗಿಲಿಗೆ ಕಸಬರಿಗೆ ಕಟ್ಟಿದಾಕೆ

ನಮ್ಮ ಕಾಂಡೋ ಅಸೋಸಿಯೇಷನ್ನಿನ ಸಭೆಗಳಿಗೆ ನಾನು ಹೋಗುವುದು ಕಡಿಮೆ. ಕಸದ ತೊಟ್ಟಿ ಎಲ್ಲಿಡಬೇಕು, ನೆಂಟರ ಕಾರು ಎಲ್ಲಿ ನಿಲ್ಲಬೇಕು ಅನ್ನುವುದರಲ್ಲೇ ಎರಡು ಗಂಟೆ ಕಳೆದುಹೋಗುತ್ತದೆ. ಹೋದ ನವೆಂಬರಿನ ಸಭೆಗೆ ಮಾತ್ರ ಲ್ಯಾಬಿನಲ್ಲಿ ಶಿಫ್ಟ್ ಬದಲಾಯಿಸಿಕೊಂಡು ಹೋದೆ. ಅವತ್ತಿನ ಪಟ್ಟಿಯಲ್ಲಿ ‘ಮುಂಬಾಗಿಲಿನ ಅಲಂಕಾರ’ ಅಂತ ಒಂದು ವಿಷಯ ಇತ್ತು. ಯಾರ ಬಾಗಿಲು ಅಂತ ಬರೆದಿರಲಿಲ್ಲ, ಆದರೆ ಇಡೀ ಕಟ್ಟಡಕ್ಕೆ ಗೊತ್ತಿತ್ತು.

ನಮ್ಮ ಪಕ್ಕದ ಮನೆಯಾಕೆಗೆ ಐವತ್ತು ದಾಟಿದೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಹಲ್ಲು ಕ್ಲೀನ್ ಮಾಡುವ ಕೆಲಸ. ಒಬ್ಬಳೇ ಇರುತ್ತಾಳೆ, ಜೊತೆಗೆ ಎರಡು ಬೆಕ್ಕು. (ಹೌದು, ಅದರಲ್ಲೊಂದು ಕಪ್ಪು.) ಆಕೆ ವಿಕ್ಕನ್. ವಿಕ್ಕಾ ಅನ್ನುವುದು ಇಂಗ್ಲೆಂಡಿನಲ್ಲಿ ರೂಪುಗೊಂಡ ಹೊಸ ಪೇಗನ್ ಧರ್ಮ, ಅಂದರೆ ಕ್ರೈಸ್ತಧರ್ಮಕ್ಕಿಂತ ಹಿಂದಿನ ದೇವದೇವಿಯರ ಪೂಜೆಯ ಹಾದಿ ಹಿಡಿದದ್ದು. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತರಾಗಿ ಊರಿಗೆ ಮರಳಿದ ಜೆರಾಲ್ಡ್ ಗಾರ್ಡ್ನರ್ ಅದನ್ನು 1950ರ ದಶಕದಲ್ಲಿ ಬಹಿರಂಗಕ್ಕೆ ತಂದರು. ಬ್ರಿಟನ್ನು ತನ್ನ 1735ರ ವಿಚ್‌ಕ್ರಾಫ್ಟ್ ಕಾಯ್ದೆಯನ್ನು ರದ್ದು ಮಾಡಿದ್ದು 1951ರಲ್ಲಿ, ಅದಾದ ಮೇಲೆಯೇ ಅವರಿಗೆ ಬಾಯಿ ಬಿಡಲು ಧೈರ್ಯ ಬಂದದ್ದು. ಒಬ್ಬ ದೇವಿ, ಒಬ್ಬ ದೇವ, ವರ್ಷಕ್ಕೆ ಎಂಟು ಹಬ್ಬ, ಹುಣ್ಣಿಮೆಗೆ ಪೂಜೆ. ಯಾರಿಗೂ ಕೇಡಾಗದಂತೆ ನಿನಗೆ ಬೇಕಾದ್ದು ಮಾಡು ಅನ್ನುವುದು ಅವರ ಮುಖ್ಯ ಕಟ್ಟಳೆ. ತನ್ನನ್ನು ತಾನು ಆಕೆ ವಿಚ್, ಅಂದರೆ ಮಾಟಗಾತಿ, ಅಂತಲೇ ಕರೆದುಕೊಳ್ಳುತ್ತಾಳೆ. ನಾನು ಲಿಂಗಾಯತಳು ಅನ್ನುವಷ್ಟೇ ಸಲೀಸಾಗಿ.

ನನ್ನ ಅವ್ವ ಸೇಡಂ ಕಡೆಯಿಂದ ಬಂದು ನಮ್ಮ ಜೊತೆ ಇದ್ದಾಗ ಇವರಿಬ್ಬರದೂ ಚೆನ್ನಾಗಿ ಹೊಂದಿತು. ಭಾಷೆ ಬಾರದು, ಆದರೂ ತುಳಸಿ ಸಸಿ ಆ ಕಡೆ, ರೋಸ್‌ಮೆರಿ ಈ ಕಡೆ. ಹುಣ್ಣಿಮೆ ರಾತ್ರಿ ಬಾಲ್ಕನಿಯಲ್ಲಿ ದೀಪ ಕಂಡಾಗ ಅವ್ವ ಅಂದದ್ದು, “ಆಕಿ ಹುಣ್ಣಿಮಿ ಮಾಡ್ಲಾಕತ್ತಾಳ, ಮಾಡ್ಲಿ ಬಿಡು. ಆದ್ರ ಕಸಬರಗಿ ಬಾಗಲಿಗಿ ಯಾಕ ಕಟ್ಯಾಳ, ಅದೊಂದ್ ಕೇಳು.” ಕಟ್ಟಿದ್ದು ನಿಜ. ಉದ್ದ ಹಿಡಿಯ, ಹುಲ್ಲಿನ ಕಸಬರಿಗೆ, ಅದಕ್ಕೆ ಒಣಗಿದ ಲ್ಯಾವೆಂಡರ್ ಮತ್ತು ಕೆಂಪು ದಾರ. ಮನೆಯೊಳಗೆ ಕೆಟ್ಟದ್ದು ಬರದಿರಲಿ ಅಂತ. ನಮ್ಮ ಬಾಗಿಲಿಗೆ ಮಾವಿನೆಲೆಯ ಪ್ಲಾಸ್ಟಿಕ್ ತೋರಣ ಇದೆ. ಅದೂ ಅದಕ್ಕೇ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸಿನ ಡ್ಯಾನ್ವರ್ಸಿನಲ್ಲಿ. ಈ ಊರಿನ ಹಳೆಯ ಹೆಸರು ಸೇಲಂ ವಿಲೇಜ್. ಅಕ್ಟೋಬರ್ ಬಂತೆಂದರೆ ಬೆಂಗಳೂರಿಂದ, ನ್ಯೂಜೆರ್ಸಿಯಿಂದ ಬಂದ ನೆಂಟರನ್ನೆಲ್ಲ ಪಕ್ಕದ ಸೇಲಂಗೆ ಕರೆದೊಯ್ಯುವುದು ನಮ್ಮ ಪಾಲಿನ ಕರ್ಮ. ಅಲ್ಲಿ ಪೊಲೀಸ್ ಕಾರಿನ ಮೇಲೂ ಪೊರಕೆ ಏರಿದ ಮುದುಕಿಯ ಚಿತ್ರ. ಟೋಪಿ, ಟೀಶರ್ಟು, ದುಬಾರಿ ಐಸ್‌ಕ್ರೀಮು. ಆದರೆ 1692ರಲ್ಲಿ ವಿಚ್‌ಗಳು ಅಂತ ಜನರನ್ನು ಹಿಡಿದು, ವಿಚಾರಣೆ ನಡೆಸಿ ಕೊಂದದ್ದು ಮೊದಲು ಶುರುವಾದದ್ದು ಇಲ್ಲಿ, ನಮ್ಮ ಡ್ಯಾನ್ವರ್ಸಿನಲ್ಲಿ. ಪಾದ್ರಿ ಸ್ಯಾಮ್ಯುಯಲ್ ಪ್ಯಾರಿಸ್ ಮನೆಯ ಅಡಿಪಾಯದ ಕಲ್ಲುಗಳು ಈಗಲೂ ಮನೆಗಳ ಹಿಂದೆ ಒಂದು ಸಣ್ಣ ತಗ್ಗಿನಲ್ಲಿವೆ. ಆ ಮನೆಯ ಒಂಬತ್ತು ವರ್ಷದ ಮಗಳೂ ಹನ್ನೊಂದು ವರ್ಷದ ಇನ್ನೊಬ್ಬ ಹುಡುಗಿಯೂ ಮೈ ತಿರುಚಿಕೊಂಡು ಕಿರುಚತೊಡಗಿದರು. ಮೊದಲು ಸಿಕ್ಕಿಬಿದ್ದವರು ಮೂವರು. ಮನೆಯ ಗುಲಾಮಳು ಟಿಟುಬಾ, ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್, ಕಾಯಿಲೆ ಹಿಡಿದಿದ್ದ ಸಾರಾ ಆಸ್‌ಬರ್ನ್. ಯಾರ ಪರವಾಗಿ ಊರಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲವೋ ಅವರೇ.

ಆಮೇಲೆ ಸರದಿ ರೆಬೆಕಾ ನರ್ಸ್ ಅವರದು. 71 ವರ್ಷದ ಅಜ್ಜಿ, ಚರ್ಚಿನ ಸದಸ್ಯೆ, ಊರೆಲ್ಲ ಮರ್ಯಾದೆ ಕೊಡುತ್ತಿದ್ದಾಕೆ. ಆಕೆಯ ಮೇಲಿನ ಸಾಕ್ಷ್ಯಗಳಲ್ಲಿ ಒಂದು ಹೀಗಿದೆ. ನೆರೆಯವರ ಹಂದಿಗಳು ಇವರ ತೋಟಕ್ಕೆ ನುಗ್ಗಿದವು, ಅಜ್ಜಿ ಬಂದು ಬೈದರು, ಸ್ವಲ್ಪ ದಿನಕ್ಕೆ ಹಂದಿ ಸಾಕಿದವನು ಕಾಯಿಲೆ ಬಿದ್ದು ಸತ್ತ. ಮೂವತ್ತೊಂಬತ್ತು ನೆರೆಹೊರೆಯವರು ಈಕೆ ಒಳ್ಳೆಯಾಕೆ ಅಂತ ಬರೆದ ಅರ್ಜಿಗೆ ಹೆಸರು ಹಾಕಿದರು. ಜ್ಯೂರಿ ಮೊದಲು ನಿರಪರಾಧಿ ಅಂತಲೇ ಹೇಳಿತು. ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಅಂದರು. ಆಗ ಅಜ್ಜಿಗೆ ಒಂದು ಪ್ರಶ್ನೆ ಕೇಳಿದರು. ಕಿವಿ ಮಂದ, ಕೇಳಿಸಲಿಲ್ಲ, ಸುಮ್ಮನಿದ್ದರು. ಆ ಮೌನವನ್ನೇ ತಪ್ಪೊಪ್ಪಿಗೆ ಅಂತ ಎಣಿಸಿ ತೀರ್ಪು ತಿರುಗಿತು, ಜುಲೈ 19ಕ್ಕೆ ನೇಣು. ಆ ವರ್ಷ ಒಟ್ಟು ಹತ್ತೊಂಬತ್ತು ಜನ ಗಲ್ಲಿಗೇರಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿ ಅನ್ನುವ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಹೌದು ನಾನು ವಿಚ್ ಅಂತ ಒಪ್ಪಿಕೊಂಡ ಟಿಟುಬಾ ಉಳಿದಳು, ಅಲ್ಲ ಅಂದವರು ಸತ್ತರು.

ರೆಬೆಕಾ ನರ್ಸ್ ಮನೆ ಈಗ ಮ್ಯೂಸಿಯಂ. ಹಿಂದಿನ ಸ್ಮಶಾನದಲ್ಲಿ ಆಕೆಯ ಹೆಸರಿನ ಗ್ರಾನೈಟ್ ಕಂಬ ಇದೆ. ನನಗೆ ಹೆಚ್ಚು ಇಷ್ಟವಾದದ್ದು ಹತ್ತಿರದ ಇನ್ನೊಂದು ಕಲ್ಲು. ಜೀವ ಒತ್ತೆಯಿಟ್ಟು ಆಕೆಯ ಪರ ಮಾತಾಡಿದ ನೆರೆಯವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ, 1892ರಲ್ಲಿ. ಸತ್ತವರಿಗೆ ಕಲ್ಲು ನಿಲ್ಲಿಸುವುದು ಎಲ್ಲ ಕಡೆ ಇದೆ. ಪಕ್ಕದ ಮನೆಯವರಿಗೆ ಕಲ್ಲು ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನೆಂಟರನ್ನು ಅಲ್ಲಿಗೆ ಕರೆದೊಯ್ದರೆ “ಇಷ್ಟೇನಾ?” ಅನ್ನುತ್ತಾರೆ.

ಇಂಥ ಊರಿನಲ್ಲಿ ಕೂತು ನಮ್ಮ ಸಭೆ ನಡೆಯಿತು. ದೂರು ಕೊಟ್ಟವರು ಮಕ್ಕಳು ಹೆದರುತ್ತಾರೆ ಅಂದರು. ಎದುರು ಬಾಗಿಲಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಒಣಗಿ ಉದುರುವ ಕ್ರಿಸ್ಮಸ್ ಹೂಬಳೆಗೆ ಯಾರೂ ಹೆದರಿದ್ದಿಲ್ಲ. ಅಷ್ಟರಲ್ಲಿ ಕೆಳಗಿನ ಮಹಡಿಯವರೊಬ್ಬರು, ಈಕೆ ಹಾಲೋವೀನ್ ರಾತ್ರಿ ದೀಪ ಹಚ್ಚಿದಳು, ಅದೇ ವಾರ ನನ್ನ ನಾಯಿ ಸತ್ತಿತು ಅಂದರು. ನಗುತ್ತಲೇ ಅಂದರು. ಸಭೆ ನಕ್ಕಿತು. ಪಕ್ಕದ ಮನೆಯಾಕೆಯೂ ನಕ್ಕಳು, ನಗದೆ ಇನ್ನೇನು ಮಾಡುತ್ತಾಳೆ. ಆ ನಾಯಿಗೆ ಹದಿನಾಲ್ಕು ವರ್ಷವಾಗಿತ್ತು.

ನನಗೆ ಮಾತ್ರ ನಗು ಬರಲಿಲ್ಲ, ಎದ್ದು ನಿಂತೆ. ನನ್ನ ಇಂಗ್ಲಿಷು ಸಿಟ್ಟಿನಲ್ಲಿ ಸ್ವಲ್ಪ ಸೇಡಂ ಕಡೆ ವಾಲುತ್ತದೆ. ಕೇಳಿದ್ದು ಇಷ್ಟೇ: ಈಕೆ ಏನು ಮಾಡಿದ್ದಾಳೆ? ನಾಯಿಗೆ ವಿಷ ಹಾಕಿದ್ದರೆ ಪೊಲೀಸರನ್ನು ಕರೆಯಿರಿ. ಮರದ ಬಾಲ್ಕನಿಯಲ್ಲಿ ಬೆಂಕಿ ಹಚ್ಚಬಾರದು ಅಂತ ನಮ್ಮಲ್ಲಿ ನಿಯಮವಿದೆ, ಆ ನಿಯಮಕ್ಕೆ ಹೆದರಿ ನಾನು ದೀಪಾವಳಿಗೆ ಬ್ಯಾಟರಿ ಹಣತೆ ಇಡುತ್ತೇನೆ, ಈಕೆ ನಿಜವಾದ ಮೇಣದಬತ್ತಿ ಹಚ್ಚಿದ್ದಾಳೆ, ದಂಡ ಹಾಕಿ. ಈಕೆ ಯಾರನ್ನು ಪೂಜಿಸುತ್ತಾಳೆ ಅನ್ನುವುದು ಈ ಪಟ್ಟಿಯಲ್ಲಿ ಯಾಕೆ ಬಂತು?

ದಂಡ ಹಾಕಿದರು. ಬಾಗಿಲ ಅಲಂಕಾರಕ್ಕೆ ಎಲ್ಲರಿಗೂ ಒಂದೇ ಅಳತೆ ಮಾಡಿದರು, ಎರಡಡಿಗಿಂತ ಉದ್ದ ಇರಬಾರದು ಅಂತ. ಆಕೆ ಗಿಡ್ಡ ಕಸಬರಿಗೆ ತಂದು ಕಟ್ಟಿದಳು. ನಾನೇ ದಂಡದ ಮಾತೆತ್ತಿದ್ದಕ್ಕೆ ಸ್ವಲ್ಪ ದಿನ ಮುನಿಸಿಕೊಂಡಿದ್ದಳು ಕೂಡ. ಇರಲಿ, ಬ್ಯಾಟರಿ ದೀಪದಲ್ಲಿ ಏನೂ ಮಜಾ ಇಲ್ಲ ಅಂತ ನನಗೂ ಗೊತ್ತು.

ವಿಕ್ಕನ್ನರಿಗೆ ಈ ದೇಶದಲ್ಲಿ ದೊಡ್ಡ ಜಾಗಗಳಲ್ಲೂ ಇದೇ ಪಾಡಾಗಿದೆ. ವರ್ಜೀನಿಯಾ ಜೈಲಿನ ಕೈದಿಯೊಬ್ಬನ ಮೊಕದ್ದಮೆಯಲ್ಲಿ 1986ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದೂ ಸಂವಿಧಾನ ಕಾಯುವ ಧರ್ಮವೇ ಅಂತ ಒಪ್ಪಿತು. ಆತ ಕೇಳಿದ ಪೂಜಾ ಸಾಮಗ್ರಿಯನ್ನು ಮಾತ್ರ ಕೊಡಿಸಲಿಲ್ಲ. ಜೈಲಿಗೆ ಅದರದೇ ಭದ್ರತೆಯ ಕಾರಣಗಳಿರುತ್ತವೆ, ನನಗೆ ಅದರಲ್ಲಿ ತಕರಾರಿಲ್ಲ. ಇಂಡಿಯಾನಾದಲ್ಲಿ ವಿಚ್ಛೇದನ ಪಡೆದ ತಂದೆತಾಯಿ ಇಬ್ಬರೂ ಪೇಗನ್ನರು, ಅವರ ನಡುವೆ ಧರ್ಮದ ಬಗ್ಗೆ ಜಗಳವೇ ಇಲ್ಲ, ಆದರೂ ಮಗನಿಗೆ ‘ಮುಖ್ಯವಾಹಿನಿಯಲ್ಲದ’ ಆಚರಣೆ ತೋರಿಸಬಾರದು ಅಂತ ನ್ಯಾಯಾಧೀಶರು ಆದೇಶಿಸಿದರು. 2005ರಲ್ಲಿ ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ಅದೇ 2005ರಲ್ಲಿ ನೆವಾಡಾದ ಸೈನಿಕ ಪ್ಯಾಟ್ರಿಕ್ ಸ್ಟೀವರ್ಟ್ ಅಫ್ಗಾನಿಸ್ತಾನದಲ್ಲಿ ಹೆಲಿಕಾಪ್ಟರ್ ಉರುಳಿ ಸತ್ತರು. ಅವರ ಸ್ಮಾರಕ ಫಲಕಕ್ಕೆ ವಿಕ್ಕನ್ನರ ಗುರುತಾದ ಪೆಂಟಕಲ್, ಅಂದರೆ ವೃತ್ತದೊಳಗಿನ ಐದು ಮೂಲೆಯ ನಕ್ಷತ್ರ, ಹಾಕಿಸಿ ಅಂತ ಹೆಂಡತಿ ರಾಬರ್ಟಾ ಕೇಳಿದರು. ಸರ್ಕಾರದ ಪಟ್ಟಿಯಲ್ಲಿ ನಾಸ್ತಿಕರದ್ದೂ ಸೇರಿ 38 ಗುರುತುಗಳಿದ್ದವು, ಇದೊಂದು ಇರಲಿಲ್ಲ. ಕೋರ್ಟಿಗೆ ಹೋದ ಮೇಲೆ 2007ರ ಏಪ್ರಿಲಿನಲ್ಲಿ ಒಪ್ಪಿದರು. ಟೆಕ್ಸಾಸಿನ ಗವರ್ನರ್ ಆಗಿದ್ದಾಗ 1999ರಲ್ಲಿ ಟೀವಿಯಲ್ಲಿ ಕೂತು, ಇದೊಂದು ಧರ್ಮ ಅಂತ ನನಗನಿಸುವುದಿಲ್ಲ ಅಂದಿದ್ದ ಬುಷ್ ಅವರೇ ಆಗ ಅಧ್ಯಕ್ಷರು.

ಸಭೆಯ ಸುದ್ದಿ ಹರಡಿದ ಮೇಲೆ ನಮ್ಮ ಕನ್ನಡದ ಗೆಳೆಯರಿಂದ ಎರಡು ಬಗೆಯ ಬುದ್ಧಿಮಾತು ಬಂತು. ಒಬ್ಬರದು, “ನಮ್ಮದು ಪೂಜೆ, ಅವಳದು ಮಾಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತೀಯಲ್ಲ?” ಇನ್ನೊಬ್ಬರು ವಿಚಾರವಾದಿ, ಊರಲ್ಲಿದ್ದಾಗ ಪವಾಡ ಬಯಲು ಕಾರ್ಯಕ್ರಮಗಳಿಗೆ ಓಡಾಡಿದವರು. ಅವರದು, “ಎಲ್ಲಾ ಮೂಢನಂಬಿಕೆ. ಬಾನಾಮತಿ ಬೇಡ ಅನ್ನೋಳು ನೀನು, ಇವಳ ಪರ ಹೇಗೆ ನಿಲ್ತೀಯ?”

ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ನಮ್ಮೂರಿಗೆ ಹೋಗಬೇಕು.

ನಮ್ಮ ಕಡೆ ಬಾನಾಮತಿ ಅಂದರೆ ಏನು ಅಂತ ಹಳೇ ಮೈಸೂರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮಾಳಿಗೆಯ ಮೇಲೆ ರಾತ್ರಿ ಕಲ್ಲು ಬೀಳುತ್ತವೆ. ಟ್ರಂಕಿನಲ್ಲಿಟ್ಟ ಸೀರೆ ತಾನೇ ಸುಡುತ್ತದೆ. ಹುಡುಗಿ ನಾಯಿಯಂತೆ ಬೊಗಳುತ್ತಾಳೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ದೊಡ್ಡ ಮನೆಯೊಂದರಲ್ಲಿ ಹೀಗೆಲ್ಲ ಆಯಿತು. ಮಾಟ ಮಾಡಿದವರು ಯಾರು ಅಂತ ಹೇಳಲು ಗಡಿಯಾಚೆಯಿಂದ ಒಬ್ಬನನ್ನು ಕರೆಸಿದರು. ಅವನು ಬಲು ಹುಷಾರಿ, ಹೆಸರು ಹೇಳಲಿಲ್ಲ. ಪಡುವಣ ದಿಕ್ಕು, ಒಂಟಿ ಹೆಂಗಸು, ಮನೆ ಮುಂದೆ ಬೇವಿನ ಗಿಡ ಅಂದ. ಹೆಸರನ್ನು ಊರೇ ತುಂಬಿಕೊಂಡಿತು. ಆಕೆ ವಿಧವೆ. ಆಕೆಯ ಹೊಲ ದೊಡ್ಡ ಮನೆಯವರ ಬಾವಿಗೆ ಹತ್ತಿತ್ತು. ಅವತ್ತು ಸಂಜೆ ಆಕೆಯನ್ನು ಹಿಡಿದು ಇಕ್ಕಳದಿಂದ ಮುಂದಿನ ಹಲ್ಲು ಕಿತ್ತರು. ಹಲ್ಲಿಲ್ಲದಿದ್ದರೆ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ. ಅವ್ವ ರಾತ್ರಿ ಕತ್ತಲಲ್ಲಿ ಜೋಳದ ಗಂಜಿ ಒಯ್ದು ಕೊಟ್ಟು ಬಂದಳು, ಅಪ್ಪ ಅವ್ವನಿಗೆ ಬೈದ. ಆ ವಿಧವೆ ಊರು ಬಿಟ್ಟಳು. ಹೊಲ ಈಗ ಯಾರ ಹೆಸರಲ್ಲಿದೆ ಅಂತ ಇಲ್ಲಿ ಬರೆದರೆ ನಾನು ಮುಂದಿನ ಸಲ ಊರಿಗೆ ಹೋಗುವುದು ಕಷ್ಟ.

ಇದನ್ನು ಪಕ್ಕದ ಮನೆಯಾಕೆಗೆ ಹೇಳಿದಾಗ ಆಕೆ ಮೊದಲು ಕೇಳಿದ್ದು, “ಯಾವ ಹಲ್ಲು?” ಮೇಲಿನ ನಾಲ್ಕು ಅಂತ ತೋರಿಸಿದೆ. ಆಕೆ ಲೆಕ್ಕ ಹಾಕುವವಳ ಹಾಗೆ, ಹಾಗಾದರೆ ಜೀವನಪೂರ್ತಿ ಕಚ್ಚಿ ತಿನ್ನುವುದು ಆಗಿರಲಿಕ್ಕಿಲ್ಲ, ಮೇಲಿನ ತುಟಿ ಒಳಗೆ ಸೇರಿಹೋಗಿರುತ್ತೆ ಅಂದಳು. ಆಮೇಲೆ ಎದ್ದು ಹೋಗಿ ಬೆಕ್ಕಿಗೆ ಊಟ ಹಾಕಿದಳು, ಅದಕ್ಕೆ ಆಗಲೇ ಹಾಕಿದ್ದರೂ.

ಆ ವಿಧವೆಗೆ ಯಾವ ಮಂತ್ರವೂ ಬರುತ್ತಿರಲಿಲ್ಲ. ರೆಬೆಕಾ ನರ್ಸ್ ಅಜ್ಜಿಗೂ ಬರುತ್ತಿರಲಿಲ್ಲ, ಆಕೆ ಪಕ್ಕಾ ಕ್ರೈಸ್ತಳು. ಇದರ ಬಗ್ಗೆಯೇ ನನಗೂ ಪಕ್ಕದ ಮನೆಯಾಕೆಗೂ ಜಟಾಪಟಿ ಇದೆ. ‘ನೀವು ಸುಡಲಾಗದ ವಿಚ್‌ಗಳ ಮೊಮ್ಮಕ್ಕಳು ನಾವು’ ಅಂತ ಬರೆದ ಟೀಶರ್ಟು ಆಕೆಯ ಹತ್ತಿರ ಇದೆ. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ, ಇಂಗ್ಲಿಷ್ ಕಾನೂನಿನಂತೆ ನೇಣು ಹಾಕಿದರು. ಯುರೋಪಿನಲ್ಲಿ ತೊಂಬತ್ತು ಲಕ್ಷ ಜನರನ್ನು ಕೊಂದರು ಅನ್ನುವ ಲೆಕ್ಕ ಹದಿನೆಂಟನೇ ಶತಮಾನದ ಜರ್ಮನ್ನನೊಬ್ಬ ಊಹಿಸಿ ಬರೆದದ್ದು, ಇವತ್ತಿನ ಇತಿಹಾಸಕಾರರು ಹೇಳುವುದು ನಲವತ್ತರಿಂದ ಅರವತ್ತು ಸಾವಿರ. ಅಷ್ಟು ಸಾಲದೇ? ಸತ್ತವರನ್ನು ತನ್ನ ಧರ್ಮದವರು ಅಂತ ಮಾಡಿಕೊಂಡರೆ, ಅವರು ನಿಜಕ್ಕೂ ವಿಚ್‌ಗಳೇ ಆಗಿದ್ದರು ಅಂದ ನ್ಯಾಯಾಧೀಶರ ಮಾತಿಗೆ ಹೂಂಗುಟ್ಟಿದಂತೆ ಆಗುತ್ತದೆ ಅಂತ ನಾನು. ಅವರಿಗಾದದ್ದು ನಮಗೂ ಆಗಬಹುದಿತ್ತು ಅನ್ನುವುದಷ್ಟೇ ಅದರ ಅರ್ಥ ಅಂತ ಆಕೆ. ಇನ್ನೂ ಮುಗಿದಿಲ್ಲ.

ವಿಚಾರವಾದಿ ಗೆಳೆಯರಿಗೆ ನಾನು ಹೇಳಿದ್ದು ಹೀಗೆ. ಹುಣ್ಣಿಮೆಗೆ ದೀಪ ಹಚ್ಚುವವಳಿಗೆ ಒಂದು ನಂಬಿಕೆ ಇದೆ. ಆ ನಂಬಿಕೆಯ ಖರ್ಚು ಅವಳದೇ. ಇಕ್ಕಳ ಹಿಡಿದವನಿಗೂ ಒಂದು ನಂಬಿಕೆ ಇದೆ, ಅದರ ಖರ್ಚು ಇನ್ನೊಬ್ಬಳ ಬಾಯಿಂದ ಹೋಗುತ್ತದೆ. ನಾನು ವಿರೋಧಿಸುವುದು ಈ ಎರಡನೆಯದನ್ನು. 1692ರ ಕೋರ್ಟು ನೆರಳಿನ ಸಾಕ್ಷ್ಯ ಒಪ್ಪಿತ್ತು. ಆಕೆಯ ಆತ್ಮ ರಾತ್ರಿ ನನ್ನ ಕೋಣೆಗೆ ಬಂದು ಚಿವುಟಿತು ಅಂತ ಹುಡುಗಿ ಹೇಳಿದರೆ ಸಾಕು, ಆಕೆ ಆ ಹೊತ್ತಿಗೆ ತನ್ನ ಮನೆಯಲ್ಲಿ ಮಲಗಿದ್ದರೂ ಅಪರಾಧಿ. ಗವರ್ನರ್ ಆ ಕೋರ್ಟನ್ನು ಮುಚ್ಚಿಸಿ, ಹೊಸ ಕೋರ್ಟಿನಲ್ಲಿ ಅಂಥ ಸಾಕ್ಷ್ಯ ನಡೆಯದಂತೆ ಮಾಡಿದ ಮೇಲೆ ಬಹುತೇಕ ಎಲ್ಲರೂ ಬಿಡುಗಡೆಯಾದರು. ಊರಿನವರ ನಂಬಿಕೆ ಬದಲಾಗಿತ್ತು ಅಂತಲ್ಲ, ಅದನ್ನು ಸಾಕ್ಷ್ಯವಾಗಿ ತಗೊಳ್ಳುವುದು ನಿಂತಿತು ಅಷ್ಟೇ.

ಮೊದಲನೆಯವರಿಗೆ, ಪೂಜೆ-ಮಾಟದವರಿಗೆ, ಕೇಳಿದ್ದು ಇದು. ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರು ಅಂತ ಪೂಜೆ ಮಾಡಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಮಣ್ಣಿಗೆ ಚರಗ ಚೆಲ್ಲುತ್ತೇವೆ. ಅದೇ ಚಳಿಯಲ್ಲಿ ಈಕೆ ವರ್ಷದ ಅತಿ ಉದ್ದದ ರಾತ್ರಿಗೆ ಯೂಲ್ ಅಂತ ಹಬ್ಬ ಮಾಡುತ್ತಾಳೆ. ಡ್ಯಾನ್ವರ್ಸಿನ ಹಳೆಯ ಪಾದ್ರಿಗಳು ಎರಡನ್ನೂ ನೋಡಿದ್ದರೆ ನಮ್ಮಿಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸಿ ಕಳಿಸುತ್ತಿದ್ದರು. ಇದಕ್ಕೆ ಅವರು ಉತ್ತರಿಸಲಿಲ್ಲ, ಗುಂಪಿನಲ್ಲಿ ಕೈ ಮುಗಿಯುವ ಎಮೋಜಿ ಹಾಕಿದರು.

ಭಾರತದಲ್ಲಿ ಈ ಎರಡು ವಿಷಯ, ಧರ್ಮದ ಹಕ್ಕು ಮತ್ತು ಮಾಟದ ಆರೋಪ, ಒಂದೇ ಜನರ ಮೇಲೆ ಬಂದು ಬೀಳುವುದು ಜಾರ್ಖಂಡ್, ಬಿಹಾರದ ಕಡೆ. ಅಲ್ಲಿನ ಆದಿವಾಸಿಗಳಲ್ಲಿ ಬಹಳ ಮಂದಿಯ ಧರ್ಮ ಸರ್ನಾ. ಸಾಲ್ ಮರಗಳ ತೋಪೇ ಅವರ ಗುಡಿ. 2011ರ ಜನಗಣತಿಯಲ್ಲಿ ‘ಇತರೆ’ ಅನ್ನುವ ಕಡೆ ಸರ್ನಾ ಅಂತ ಬರೆಸಿದವರು ಸುಮಾರು 49 ಲಕ್ಷ ಜನ, ಜೈನರಿಗಿಂತ ಹೆಚ್ಚು. ಆದರೂ ಅವರಿಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಅದು ಬೇಕು ಅಂತ ಜಾರ್ಖಂಡ್ ವಿಧಾನಸಭೆ 2020ರ ನವೆಂಬರಿನಲ್ಲಿ ಠರಾವು ಮಾಡಿತು. ಅದು ಧರ್ಮದ ಹಕ್ಕಿನ ಮಾತು, ನಾನು ಅವರ ಕಡೆ. ಅದೇ ಸೀಮೆಯಲ್ಲಿ ಹೆಂಗಸರನ್ನು ಡಾಯನ್, ಅಂದರೆ ಮಾಟಗಾತಿ, ಅಂತ ಕೊಲ್ಲುತ್ತಾರೆ. 2025ರ ಜುಲೈನಲ್ಲಿ ಬಿಹಾರದ ಪೂರ್ಣಿಯಾ ಜಿಲ್ಲೆಯಲ್ಲಿ ಒರಾಂವ್ ಸಮುದಾಯದ ಒಂದೇ ಮನೆಯ ಐವರನ್ನು ಅವರದೇ ಊರಿನ ಜನ ಕೊಂದು ಸುಟ್ಟರು, ಒಂದು ಮಗು ಸತ್ತದ್ದಕ್ಕೆ ಇವರ ಮಾಟವೇ ಕಾರಣ ಅಂತ. ಸರ್ನಾ ತೋಪನ್ನು ಉಳಿಸಿ ಅನ್ನುವವರು ಓಝಾ, ಅಂದರೆ ಊರಿನ ಮಂತ್ರವಾದಿ, ಕೊಟ್ಟ ತೀರ್ಪನ್ನೂ ಸಂಸ್ಕೃತಿ ಅಂತ ಒಪ್ಪಬೇಕಾಗಿಲ್ಲ. ಡಾಯನ್ ಬೇಟೆ ನಿಲ್ಲಿಸಿ ಅನ್ನುವವರು ತೋಪಿಗೆ ಉಗುಳಬೇಕಾಗಿಯೂ ಇಲ್ಲ. ಅಸ್ಸಾಮಿನ ಬೀರುಬಾಲಾ ರಾಭಾ ಇದನ್ನು ಬದುಕಿ ತೋರಿಸಿದವರು. ಕಾಯಿಲೆ ಬಿದ್ದ ಮಗ ಮೂರೇ ದಿನದಲ್ಲಿ ಸಾಯುತ್ತಾನೆ ಅಂತ ಮಾಂತ್ರಿಕ ಹೇಳಿದ, ಮಗ ಸಾಯಲಿಲ್ಲ. ಅಲ್ಲಿಂದ ಶುರುವಾದ ಅವರ ಓಡಾಟ ಡಾಯನ್ ಬೇಟೆ ತಡೆಯುವ 2015ರ ಅಸ್ಸಾಂ ಕಾಯ್ದೆವರೆಗೆ ಮುಟ್ಟಿತು. ಅವರನ್ನೇ ಡಾಯನ್ ಅಂದ ಜನರ ನಡುವೆಯೇ ಅವರು ಬಾಳಿದರು.

ನಮ್ಮಲ್ಲೂ ಕಾಯ್ದೆ ಇದೆ. ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದ ಮೇಲೆ ಮಹಾರಾಷ್ಟ್ರ ತನ್ನದನ್ನು ತಂದಿತು. ಇಂಥವರು ಮಾಟ ಮಾಡಿ ದನದ ಹಾಲು ಕಡಿಮೆ ಮಾಡಿದರು ಅಂತ ಹಬ್ಬಿಸುವುದೂ ಅದರಲ್ಲಿ ಅಪರಾಧ. ಬರೆದವರು ಯಾರೋ ಹಳ್ಳಿ ಬಲ್ಲವರು. ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಪ್ರದಕ್ಷಿಣೆ, ಯಾತ್ರೆ, ಹರಿಕಥೆಯಂಥವನ್ನು ಅದು ಮುಟ್ಟುವುದಿಲ್ಲ. ಜ್ಯೋತಿಷ್ಯ, ವಾಸ್ತುವನ್ನೂ ಬಿಟ್ಟಿದ್ದಾರೆ, ಪಾಪ, ಶಾಸಕರೂ ಮನೆ ಕಟ್ಟಿಸಬೇಕಲ್ಲ.

ಸೇಡಂ ಕಡೆ ಹೈಸ್ಕೂಲ್ ಮಾಸ್ತರನಾಗಿರುವ ನನ್ನ ಚಿಕ್ಕಪ್ಪನ ಮಗನ ಜೊತೆ ಈ ಬಗ್ಗೆ ಫೋನಿನಲ್ಲಿ ಮಾತಾಡಿದೆ. ಬಾನಾಮತಿ ಈಗ ಕಡಿಮೆ ಅಕ್ಕಾ, ಆದರೆ ಹೆಸರು ಹಚ್ಚೋದು ನಿಂತಿಲ್ಲ, ಈಗ ವಾಟ್ಸಾಪಿನಾಗ ಹಚ್ತಾರ ಅಂದ. ಠಾಣೆಗೆ ಹೋದರೆ ‘ಓಣಿ ಜಗಳ’ ಅಂತ ಬರೆದು, ರಾಜಿ ಮಾಡಿಸಿ ಕಳಿಸುತ್ತಾರಂತೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಆ ಕಡೆಯವರು ಯಾರಾದರೂ ಓದಿದರೆ ಉಪಯೋಗವಾಗಲಿ. ದೂರಿನಲ್ಲಿ ಜಗಳ ಅನ್ನುವ ಪದ ಬರಬಾರದು. ಯಾರು, ಯಾವ ದಿನ, ಯಾರ್ಯಾರ ಮುಂದೆ ‘ಈಕೆ ಬಾನಾಮತಿ ಮಾಡ್ತಾಳ’ ಅಂದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಸಿ. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಆಕೆಯ ಹೊಲಮನೆಯ ತಕರಾರು ಯಾರ ಜೊತೆಗಾದರೂ ಇದ್ದರೆ ಪಹಣಿಯ ಪ್ರತಿ ಲಗತ್ತಿಸಿ. ಯಾವ ಕಲಂ ಹಾಕಬೇಕು ಅನ್ನುವುದು ಪೊಲೀಸರ ತಲೆನೋವು. ದೂರಿನ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಠಾಣೆಯಿಂದ ಹೊರಗೆ ಬರಬೇಡಿ. ಆಕೆ ಒಬ್ಬಳನ್ನೇ ಕಳಿಸಬೇಡಿ, ನೆರೆಯವರು ನಾಲ್ಕು ಜನ ಜೊತೆಗೆ ಹೋಗಿ ಸಾಕ್ಷಿ ಸಹಿ ಹಾಕಿ.